ಅರೆಬೆಂದ ಸಿರಿ: ಯಂತ್ರಕ್ಕೆ ನಮ್ಮ ಮಾತು ಅರ್ಥವಾಗದಿದ್ದರೆ ತಪ್ಪು ಯಾರದು?

ಇವತ್ತಿನ ಮಾತು ಶುರು ಮಾಡುವ ಮೊದಲು ನಿಮಗೊಂದು ಪ್ರಶ್ನೆ. ನಿಮ್ಮ ಹತ್ತಿರ ಎಷ್ಟು ದನಿಗಳಿವೆ?

ಒಂದೇ ಅಂತೀರಿ. ನಾನು ಒಪ್ಪುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಿಮ್ಮಂಥವರಿಗೆ ಕಡಿಮೆಯೆಂದರೂ ಎರಡು ದನಿ ಇರುತ್ತವೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಗೆಳೆಯರ ಜೊತೆ ಬರುವ ದನಿ ಒಂದು. ಭಾನುವಾರ ಬೆಳಿಗ್ಗೆ ಊರಿನಿಂದ ಅಜ್ಜಿಯ ಫೋನ್ ಬಂದಾಗ "ಹಾಂ ಅಜ್ಜಿ, ತಿಂಡಿ ಆಯ್ತು" ಅನ್ನುವ ದನಿ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೇಗೆ ಹಾರುತ್ತೀರೋ ನಿಮಗೇ ಗೊತ್ತಿರುವುದಿಲ್ಲ.

ನಮ್ಮಮ್ಮನಿಗೆ ಇಂಗ್ಲಿಷಿನಲ್ಲಿ ಇರುವುದು ಒಂದೇ ದನಿ. ಹಾಸನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ದನಿ ಅದು. ಅಪ್ಪ ಹೋದ ಮೇಲೆ ಅಮ್ಮ ಇಂಗ್ಲೆಂಡಿಗೆ, ನಮ್ಮ ಮನೆಗೆ ಬಂದರು. ಎರಡು ವರ್ಷದ ಹಿಂದೆ ಒಂದು ದಿನ ಅವರು ತಮ್ಮ ಬ್ಯಾಂಕಿಗೆ ಫೋನ್ ಮಾಡಿದ್ದರು. ಆ ಕಡೆ ಮನುಷ್ಯರಿರಲಿಲ್ಲ, ಯಂತ್ರವಿತ್ತು. ಹುಟ್ಟಿದ ದಿನಾಂಕ ಹೇಳಿ ಅಂತು. ಅಮ್ಮ ಹೇಳಿದರು. ಕ್ಷಮಿಸಿ, ಅರ್ಥವಾಗಲಿಲ್ಲ ಅಂತು. ಅಮ್ಮ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು, ಕೊನೆಯ ಬೆಂಚಿನ ಹುಡುಗನಿಗೆ ಹೇಳಿದ ಹಾಗೆ. ಮತ್ತೆ ಅದೇ ಉತ್ತರ. ಮೂರನೇ ಸಲಕ್ಕೆ ನನ್ನ ಮಗಳು ಫೋನ್ ಕಿತ್ತುಕೊಂಡು ತನ್ನ ಶಾಲೆಯ ದನಿಯಲ್ಲಿ ಅದೇ ದಿನಾಂಕ ಹೇಳಿದಳು. ಯಂತ್ರ ತಕ್ಷಣ ಒಪ್ಪಿಕೊಂಡಿತು. ಮಗಳು ನಕ್ಕಳು. ನಾನೂ ನಕ್ಕೆ. ಅಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಬಿಡಮ್ಮ, ನನ್ನ ಇಂಗ್ಲಿಷೇ ಸರಿಯಿಲ್ಲ ಅನ್ಸತ್ತೆ" ಅಂದರು.

ಮೂವತ್ತು ವರ್ಷ ಪಾಠ ಹೇಳಿದವರು ಮೂರು ನಿಮಿಷದಲ್ಲಿ ಆಡಿದ ಮಾತು ಅದು. ಅವತ್ತಿನಿಂದ ಈ ಮಾತಾಡುವ ಯಂತ್ರಗಳ ಚರಿತ್ರೆ ನನ್ನ ತಲೆಯಲ್ಲಿ ಕೂತಿದೆ. ಅದರಲ್ಲೂ ಒಂದು ಕಾಲ, ಲಕ್ಷಾಂತರ ಜನ ಒಟ್ಟಿಗೇ ಒಂದು ಪೂರ್ತಿಯಾಗದ ಯಂತ್ರದ ಜೊತೆ ಮಾತಾಡಲು ಹೊರಟ ಕಾಲ. ಆಗ ನಿಮ್ಮಲ್ಲಿ ಕೆಲವರಿನ್ನೂ ಹುಟ್ಟಿರಲಿಲ್ಲ, ಕೆಲವರು ತೊಟ್ಟಿಲಲ್ಲಿದ್ದಿರಿ. ಜನ ಹೇಗೆ ಬೆರಗಾದರು, ನಕ್ಕರು, ಸಿಟ್ಟಾದರು, ಕೋರ್ಟಿಗೆ ಹೋದರು, ಅದರಿಂದ ಏನು ಬದಲಾಯಿತು, ಏನು ಬದಲಾಗಲಿಲ್ಲ ಅನ್ನುವುದೇ ಇವತ್ತಿನ ಕಥೆ.

ಯಂತ್ರದ ಜೊತೆ ಮಾತಾಡುವ ಆಸೆ ಹಳೆಯದು. 1966ರಲ್ಲಿ ಅಮೆರಿಕದ ಎಂಐಟಿಯ ಪ್ರೊಫೆಸರ್ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಮಿನ ಬಗ್ಗೆ ಬರೆದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. "ನನಗೆ ಬೇಜಾರಾಗಿದೆ" ಅಂದರೆ "ಯಾಕೆ ಬೇಜಾರಾಗಿದೆ?" ಅನ್ನುವುದು. ಅದಕ್ಕೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಅದನ್ನು ನೋಡಿ ವೈಜೆನ್‌ಬಾಮ್ ಅವರೇ ಗಾಬರಿಯಾದರು, ಮುಂದೆ ಇಂಥ ಯಂತ್ರಗಳ ಬಗ್ಗೆ ಎಚ್ಚರಿಕೆ ಹೇಳುತ್ತಾ ಬಂದರು.

1987ರಲ್ಲಿ ಆಪಲ್ ಕಂಪನಿ 'ನಾಲೆಡ್ಜ್ ನ್ಯಾವಿಗೇಟರ್' ಎಂಬ ಪುಟ್ಟ ಚಿತ್ರ ಮಾಡಿತು. ಅದರಲ್ಲಿ ಒಬ್ಬ ಪ್ರೊಫೆಸರು ತನ್ನ ಮೇಜಿನ ಮೇಲಿನ ಪರದೆಯೊಡನೆ ಮಾತಾಡುತ್ತಾನೆ. ಪರದೆಯೊಳಗಿನ ಸಹಾಯಕ ದಿನದ ಕಾರ್ಯಕ್ರಮ ಹೇಳುತ್ತಾನೆ, ಫೋನ್ ಮಾಡಿಕೊಡುತ್ತಾನೆ, ಹಳೆಯ ಲೇಖನ ಹುಡುಕಿಕೊಡುತ್ತಾನೆ. ಅದು ಬರೀ ಕನಸು, ಅಂಥ ಯಂತ್ರ ಆಗ ಎಲ್ಲೂ ಇರಲಿಲ್ಲ. ತಮಾಷೆಯೆಂದರೆ, ಆ ಚಿತ್ರದೊಳಗಿನ ಸುಳಿವುಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಕಥೆ ನಡೆಯುವುದು 2011ರ ಸೆಪ್ಟೆಂಬರಿನಲ್ಲಿ. ಈ ವರ್ಷ ನೆನಪಿಟ್ಟುಕೊಳ್ಳಿ.

ಮಧ್ಯದಲ್ಲಿ ಒಂದು ಪೆಟ್ಟೂ ಬಿತ್ತು. 1993ರಲ್ಲಿ ಆಪಲ್ 'ನ್ಯೂಟನ್' ಎಂಬ ಕೈಗಂಪ್ಯೂಟರ್ ಮಾರಾಟಕ್ಕೆ ತಂದಿತು. ಪರದೆಯ ಮೇಲೆ ಕೈಯಲ್ಲಿ ಬರೆದರೆ ಅದು ಓದಿಕೊಳ್ಳುತ್ತದೆ ಎಂಬ ಭರವಸೆ ಕೊಟ್ಟಿದ್ದರು. ಆದರೆ ಓದುವುದು ಅದಕ್ಕೆ ಸರಿಯಾಗಿ ಬರುತ್ತಿರಲಿಲ್ಲ. ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ, 'ದಿ ಸಿಂಪ್ಸನ್ಸ್' ಕಾರ್ಟೂನಿನಲ್ಲಿ ಅದನ್ನು ಗೇಲಿ ಮಾಡಿದರು. ಮುಂದಿನ ಮಾದರಿಗಳಲ್ಲಿ ಅದು ಚೆನ್ನಾಗಿಯೇ ಸುಧಾರಿಸಿತು, ಆದರೆ ಒಮ್ಮೆ ಹೋದ ಮಾನ ವಾಪಸ್ ಬರಲಿಲ್ಲ. 1998ರಲ್ಲಿ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಅರೆಬೆಂದ ಅಡುಗೆ ಬಡಿಸಿದರೆ ಏನಾಗುತ್ತದೆ ಎಂಬ ಪಾಠ ಅದು.

ಈಗ ನಮ್ಮ ಕಥೆಯ ನಾಯಕಿಗೆ ಬರೋಣ. 2003ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗ 'ಡಾರ್ಪಾ' ಒಂದು ದೊಡ್ಡ ಯೋಜನೆಗೆ ಹಣ ಕೊಟ್ಟಿತು. ಕೆಲಸ ಮಾಡುತ್ತಾ ಮಾಡುತ್ತಾ ಕಲಿಯುವ ಸಹಾಯಕನನ್ನು ಕಟ್ಟುವುದು ಉದ್ದೇಶ. ಯೋಜನೆಯ ಹೆಸರು 'ಕ್ಯಾಲೋ'. ಮುಂದಾಳತ್ವ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಎಂಬ ಸಂಶೋಧನಾ ಸಂಸ್ಥೆಯದು. ಆ ಸಂಸ್ಥೆಯಿಂದ ಕವಲೊಡೆದು ಡಾಗ್ ಕಿಟ್ಲಾಸ್, ಆಡಮ್ ಚೇಯರ್, ಟಾಮ್ ಗ್ರೂಬರ್ ಎಂಬ ಮೂವರು ಒಂದು ಪುಟ್ಟ ಕಂಪನಿ ಕಟ್ಟಿದರು. ಅದರ ಆ್ಯಪ್ 2010ರ ಫೆಬ್ರುವರಿಯಲ್ಲಿ ಐಫೋನಿಗೆ ಬಂತು. ಎರಡೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಆಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಹೆಸರು 'ಸಿರಿ'.

ಕಿಟ್ಲಾಸ್ ಅವರ ಪ್ರಕಾರ ಅದು ನಾರ್ವೆ ದೇಶದ ಹೆಸರು. ಆದರೆ ಕನ್ನಡದವರ ಕಿವಿಗೆ ಅದು ಬಿದ್ದಾಗ ಏನನ್ನಿಸಿರಬೇಕು ಯೋಚಿಸಿ. ಸಿರಿ ಅಂದರೆ ಸಂಪತ್ತು, ಸೊಬಗು. ನಮ್ಮ ನುಡಿಗೆ ಸಿರಿಗನ್ನಡ ಅಂತಲೇ ಹೆಸರು. ತುಳುನಾಡಿನಲ್ಲಿ ಸಿರಿ ಎಂಬ ಹೆಣ್ಣಿನ ದೊಡ್ಡ ಪಾಡ್ದನವೇ ಇದೆ, ಅವಳ ಹೆಸರಿನಲ್ಲಿ ಜಾತ್ರೆ ನಡೆಯುತ್ತದೆ. ಅಂಥ ಹೆಸರಿಟ್ಟುಕೊಂಡು ಬಂದವಳಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ.

2011ರ ಅಕ್ಟೋಬರ್ 4ರಂದು ಐಫೋನ್ 4ಎಸ್ ಜೊತೆಗೆ ಆಪಲ್ ಸಿರಿಯನ್ನು ಪರಿಚಯಿಸಿತು. ಮಾರನೇ ದಿನವೇ ಕಂಪನಿಯ ಸ್ಥಾಪಕ ಸ್ಟೀವ್ ಜಾಬ್ಸ್ ತೀರಿಕೊಂಡರು. ಆ ದುಃಖದ ನಡುವೆಯೇ 14ನೇ ತಾರೀಕು ಫೋನ್ ಅಂಗಡಿಗೆ ಬಂತು. ಮೊದಲ ಮೂರು ದಿನಗಳಲ್ಲೇ 40 ಲಕ್ಷಕ್ಕೂ ಹೆಚ್ಚು ಫೋನ್‌ಗಳು ಖರ್ಚಾದವು. ಸಿರಿಯ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಪದವಿತ್ತು: 'ಬೀಟಾ'.

ಬೀಟಾ ಅಂದರೆ ಏನು? ಸಾರು ಇನ್ನೂ ಕುದಿಯುತ್ತಿದೆ, ಉಪ್ಪು ಹುಳಿ ಸರಿಯಾಗಿದೆಯಾ ಸ್ವಲ್ಪ ನೋಡಿ ಹೇಳಿ ಅಂತ ಅಮ್ಮ ಸೌಟಿನಲ್ಲಿ ಕೊಡುತ್ತಾರಲ್ಲ, ಅದು. ತಪ್ಪೇನಿಲ್ಲ. ಮನೆಯವರಿಗೆ ಹಾಗೆ ಕೊಡಬಹುದು. ಆದರೆ ಎಲೆ ಹಾಕಿ, ನೆಂಟರನ್ನು ಕರೆದು, ದುಡ್ಡು ತೆಗೆದುಕೊಂಡು ಬಡಿಸುವಾಗಲೂ "ಇದಿನ್ನೂ ಕುದಿಯುತ್ತಿದೆ" ಅನ್ನಬಹುದಾ? ಮುಂದಿನ ಎರಡು ವರ್ಷದ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಮೊದಲು ಬಂದದ್ದು ಬೆರಗು, ಅದರ ಹಿಂದೆಯೇ ನಗು. ಜನ ಸಿರಿಯನ್ನು ಹವಾಮಾನ ಕೇಳಿದರು, ಅಲಾರಂ ಇಡಲು ಹೇಳಿದರು. ಅದಕ್ಕಿಂತ ಹೆಚ್ಚಾಗಿ ಚೇಷ್ಟೆ ಮಾಡಿದರು. ನನ್ನನ್ನು ಮದುವೆಯಾಗ್ತೀಯಾ, ಬದುಕಿನ ಅರ್ಥ ಏನು, ಹೆಣ ಎಲ್ಲಿ ಬಚ್ಚಿಡಲಿ ಅಂತೆಲ್ಲ ಕೇಳಿ, ಬಂದ ಉತ್ತರದ ಚಿತ್ರ ತೆಗೆದು ಊರಿಗೆಲ್ಲ ಹಂಚಿದರು. ಕಟ್ಟಿದವರಿಗೂ ಅದು ಗೊತ್ತಿತ್ತು, ಚುರುಕು ಉತ್ತರಗಳನ್ನು ಮೊದಲೇ ಬರೆದಿಟ್ಟಿದ್ದರು. ಎಲೈಜಾ ಯಾರು ಅಂತ ಕೇಳಿದರೆ, ಅವಳು ನನ್ನ ಗೆಳತಿ, ಮನೋವೈದ್ಯೆಯಾಗಿದ್ದಳು, ಈಗ ನಿವೃತ್ತಿಯಾಗಿದ್ದಾಳೆ ಎಂಬರ್ಥದ ಉತ್ತರ ಬರುತ್ತಿತ್ತು. ನಗಿಸುವವರ ತಪ್ಪನ್ನು ಜನ ಬೇಗ ಮನ್ನಿಸುತ್ತಾರೆ. ನ್ಯೂಟನ್ ಸೋತಲ್ಲಿ ಸಿರಿ ಉಳಿದುಕೊಂಡದ್ದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಅದು ಕೆಲಸ ಮಾಡುವ ರೀತಿಯಲ್ಲಿದೆ. ನೀವು ಮಾತಾಡಿದಾಗ ನಿಮ್ಮ ದನಿ ಫೋನಿನಲ್ಲೇ ಉಳಿಯುತ್ತಿರಲಿಲ್ಲ. ಇಂಟರ್‌ನೆಟ್ಟಿನ ಮೂಲಕ ದೂರದ ಕಂಪ್ಯೂಟರಿಗೆ ಹೋಗುತ್ತಿತ್ತು. ಅಲ್ಲಿ ಮೊದಲು ದನಿ ಅಕ್ಷರವಾಗಬೇಕು. ಆಮೇಲೆ ಆ ಅಕ್ಷರಗಳಿಂದ ನಿಮಗೆ ಬೇಕಾದದ್ದೇನು ಅಂತ ಊಹಿಸಬೇಕು. ಮೂರನೆಯದಾಗಿ, ಉತ್ತರವನ್ನು ಬೇರೆ ಯಾವುದೋ ಸೇವೆಯಿಂದ ತರಬೇಕು. ಲೆಕ್ಕ, ವಿಜ್ಞಾನದ ಪ್ರಶ್ನೆಯಾದರೆ 'ವುಲ್ಫ್ರಮ್ ಆಲ್ಫಾ', ಹೋಟೆಲಿನ ವಿಷಯವಾದರೆ 'ಯೆಲ್ಪ್', ಹೀಗೆ. ಅಂದರೆ ಎಡವಲು ಮೂರು ಮೆಟ್ಟಿಲು. ಒಳ್ಳೆಯದೇನೆಂದರೆ ನಿಮ್ಮ ಫೋನ್ ಮುಟ್ಟದೆಯೇ ದೂರದಲ್ಲಿ ಕೂತು ಅದನ್ನು ರಿಪೇರಿ ಮಾಡಬಹುದಿತ್ತು. ಕೋಟ್ಯಂತರ ಜನ ಮಾತಾಡಿದಷ್ಟೂ ಯಂತ್ರಕ್ಕೆ ಪಾಠ ಸಿಗುತ್ತಿತ್ತು. ಒಂದು ಲೆಕ್ಕದಲ್ಲಿ ದುಡ್ಡು ಕೊಟ್ಟು ಫೋನ್ ಕೊಂಡವರೇ ಅದಕ್ಕೆ ಪುಕ್ಕಟೆ ಮೇಷ್ಟರುಗಳಾದರು.

ಮೊದಲ ಮೆಟ್ಟಿಲಲ್ಲೇ ಬಹಳ ಜನ ಎಡವಿದರು. ಬಂದ ದಿನ ಸಿರಿಗೆ ತಿಳಿದದ್ದು ಮೂರೇ ಭಾಷೆ: ಇಂಗ್ಲಿಷ್, ಫ್ರೆಂಚ್, ಜರ್ಮನ್. ಇಂಗ್ಲಿಷಿನಲ್ಲೂ ಮೂರೇ ಬಗೆ: ಅಮೆರಿಕದ್ದು, ಬ್ರಿಟನ್ನಿನದು, ಆಸ್ಟ್ರೇಲಿಯದ್ದು. ಸ್ಕಾಟ್ಲೆಂಡಿನವರು ತಮ್ಮ ಮಾತು ಸಿರಿಗೆ ಅರ್ಥವಾಗದ ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕಿದರು. ಅವರಿಗೆ ಇದು ಹೊಸ ತಮಾಷೆಯೂ ಅಲ್ಲ. 2010ರಲ್ಲೇ, ಸಿರಿ ಬರುವ ಮುಂಚೆಯೇ, ಬಿಬಿಸಿ ಸ್ಕಾಟ್ಲೆಂಡಿನ 'ಬರ್ನಿಸ್ಟೌನ್' ಹಾಸ್ಯ ಕಾರ್ಯಕ್ರಮದಲ್ಲಿ ಒಂದು ಪ್ರಹಸನ ಬಂದಿತ್ತು. ಇಬ್ಬರು ಸ್ಕಾಟಿಷ್ ಗಂಡಸರು ಮಾತು ಕೇಳಿ ಓಡುವ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹನ್ನೊಂದನೇ ಮಹಡಿ ಅಂತ ಎಷ್ಟು ಕೂಗಿಕೊಂಡರೂ ಲಿಫ್ಟಿಗೆ ತಿಳಿಯುವುದಿಲ್ಲ. ಹುಡುಕಿ ನೋಡಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀರಿ. ಆದರೆ ಒಂದು ವಿಷಯ ಗಮನಿಸಿ. ಆ ಪ್ರಹಸನದಲ್ಲಿ ಅವರಿಬ್ಬರೂ ತಮ್ಮ ಮಾತು ಸರಿಯಿಲ್ಲ ಅಂತ ತಲೆ ತಗ್ಗಿಸುವುದಿಲ್ಲ. ಸಿಟ್ಟೆಲ್ಲ ಲಿಫ್ಟಿನ ಮೇಲೆ. ಸ್ಕಾಟ್ಲೆಂಡಿಗೆ ಇಂಥ ಲಿಫ್ಟು ಕಳಿಸಿದವರ ಮೇಲೆ. ಅಮ್ಮನಿಗೂ ಅವರಿಗೂ ಇರುವ ವ್ಯತ್ಯಾಸ ಇದು.

ಬ್ರಿಟನ್ನಿನವರಿಗೆ ಇನ್ನೊಂದು ನಿರಾಸೆಯೂ ಕಾದಿತ್ತು. ಹತ್ತಿರದ ಹೋಟೆಲ್ ಎಲ್ಲಿದೆ, ದಾರಿ ಯಾವುದು ಅಂತ ಕೇಳಿದರೆ ಆ ಸೌಲಭ್ಯ ಸದ್ಯಕ್ಕೆ ಅಮೆರಿಕಕ್ಕೆ ಮಾತ್ರ ಎಂಬ ಉತ್ತರ. ಅದಕ್ಕವರು ಕಾಯಬೇಕಾದದ್ದು ಸುಮಾರು ಒಂದು ವರ್ಷ. ಭಾರತದ ಕಥೆ ಕೇಳಿ. ಐಫೋನ್ 4ಎಸ್ ಅಲ್ಲಿಗೆ 2011ರ ನವೆಂಬರ್ 25ರಂದು ಬಂತು, ಆರಂಭದ ಬೆಲೆ 44,500 ರೂಪಾಯಿ. ಅಷ್ಟು ಕೊಟ್ಟು ಕೊಂಡವರ ಇಂಗ್ಲಿಷಿಗೆ ಆ ಫೋನಿನೊಳಗೆ ಜಾಗವಿರಲಿಲ್ಲ. ಅಮೆರಿಕದವರ ಹಾಗೋ ಬ್ರಿಟಿಷರ ಹಾಗೋ ನಾಲಿಗೆ ತಿರುಗಿಸಬೇಕಿತ್ತು. ಭಾರತದ ಇಂಗ್ಲಿಷ್ ಸಿರಿಗೆ ಸೇರಿದ್ದು 2015ರ ಏಪ್ರಿಲ್‌ನಲ್ಲಿ.

ಇದರಲ್ಲಿ ನಾಲಿಗೆಯ ತಪ್ಪೇನೂ ಇಲ್ಲ. ಕನ್ನಡದಲ್ಲಿ 'ತ' ಬೇರೆ, 'ಟ' ಬೇರೆ. ಇಂಗ್ಲಿಷಿನ 'ಟಿ' ಎರಡರ ನಡುವೆ ಎಲ್ಲೋ ಇದೆ. ನಮ್ಮಮ್ಮ ಅಲ್ಲಿ ಗಟ್ಟಿಯಾದ 'ಟ' ಹಾಕುತ್ತಾರೆ. 'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಮಗೆ ಒಂದೇ 'ವ'. ಕೋಟ್ಯಂತರ ಜನ ಹಾಗೆ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಅರ್ಥವೂ ಆಗುತ್ತಾರೆ. ಯಂತ್ರಕ್ಕೆ ತಿಳಿಯಲಿಲ್ಲವೆಂದರೆ ಅಂಥ ದನಿಗಳನ್ನು ಅದಕ್ಕೆ ಸಾಕಷ್ಟು ಕೇಳಿಸಿಲ್ಲ ಎಂದರ್ಥ. ಇದು ಬರೀ ನನ್ನ ಅಭಿಮಾನದ ಮಾತಲ್ಲ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಕಂಪನಿಗಳ ದನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಸರಾಸರಿ ಲೆಕ್ಕದಲ್ಲಿ, ಅಮೆರಿಕದ ಬಿಳಿಯರು ಮಾತಾಡಿದಾಗ 100 ಪದಗಳಿಗೆ ಸುಮಾರು 19 ತಪ್ಪು, ಕಪ್ಪು ಜನ ಮಾತಾಡಿದಾಗ ಸುಮಾರು 35 ತಪ್ಪು. ಎರಡೂ ಕಡೆಯವರು ಅಮೆರಿಕದಲ್ಲೇ ಹುಟ್ಟಿ ಬೆಳೆದು ಇಂಗ್ಲಿಷನ್ನೇ ಮಾತಾಡುವವರು.

ನಗುವಿನ ನಂತರ ಸಿಟ್ಟು. 2011ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಹೆಂಗಸರು ಒಂದು ವಿಷಯ ಪತ್ತೆ ಮಾಡಿದರು. ಗರ್ಭಪಾತದ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದರೆ, ಅಂಥ ಆಸ್ಪತ್ರೆಗಳಿರುವ ಊರಿನಲ್ಲೂ ಸಿರಿ ಇಲ್ಲ ಅನ್ನುತ್ತಿತ್ತು ಅಥವಾ ಬೇರೆಲ್ಲಿಗೋ ಕಳಿಸುತ್ತಿತ್ತು. ಹೆಣ ಬಚ್ಚಿಡುವ ಪ್ರಶ್ನೆಗೆ ಉತ್ತರ ತಯಾರಿದೆ, ಹೆಣ್ಣಿನ ಆರೋಗ್ಯದ ಪ್ರಶ್ನೆಗೆ ಇಲ್ಲವಾ ಎಂದು ಹಲವು ಸಂಘಟನೆಗಳು ಕೇಳಿದವು. ಬೇಕೆಂದು ಬಿಟ್ಟದ್ದಲ್ಲ, ಸೇವೆ ಇನ್ನೂ ಬೀಟಾದಲ್ಲಿದೆ, ಸರಿಪಡಿಸುತ್ತೇವೆ ಎಂದು ಆಪಲ್ ಹೇಳಿತು. ಆ ಮಾತು ನಿಜವೇ ಇರಬಹುದು. ಆದರೆ ನಗಿಸುವ ಉತ್ತರ ಬರೆಯಲು ಕೂತವರಿಗೆ ಯಾವ ಪ್ರಶ್ನೆಗಳು ಹೊಳೆದವು, ಯಾವುವು ಹೊಳೆಯಲಿಲ್ಲ ಎನ್ನುವುದು ಆ ಕೋಣೆಯಲ್ಲಿ ಯಾರು ಕೂತಿದ್ದರು ಎಂಬುದನ್ನೂ ತೋರಿಸುತ್ತದೆ. ಯಾರೂ ಕೆಟ್ಟದ್ದು ಬಯಸದಿದ್ದರೂ ಕೆಲವರು ಲೆಕ್ಕದಿಂದ ಹೊರಗುಳಿದುಬಿಡುತ್ತಾರೆ.

2012ರ ಮಾರ್ಚಿನಲ್ಲಿ ವಿಷಯ ಕೋರ್ಟಿಗೆ ಹೋಯಿತು. ಟಿವಿ ಜಾಹೀರಾತಿನಲ್ಲಿ ಸಿರಿ ಎಲ್ಲವನ್ನೂ ಸರಾಗವಾಗಿ ಮಾಡುತ್ತದೆ, ನನ್ನ ಕೈಯಲ್ಲಿ ಮಾಡುವುದಿಲ್ಲ, ಇದು ಮೋಸ ಎಂದು ನ್ಯೂಯಾರ್ಕಿನ ಗ್ರಾಹಕರೊಬ್ಬರು ದಾವೆ ಹೂಡಿದರು. ಕೊನೆಗೆ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಜನರ ಮನಸ್ಸಿನಲ್ಲಿ ಮಾತ್ರ ಪ್ರಶ್ನೆ ಉಳಿಯಿತು: ಜಾಹೀರಾತಿಗೆ ಪೂರ್ತಿಯಾಗಿರುವ ಯಂತ್ರ ದೂರು ಬಂದ ಕೂಡಲೇ ಬೀಟಾ ಆಗುವುದು ಹೇಗೆ?

ಅದೇ ವರ್ಷದ ಮೇ ತಿಂಗಳಲ್ಲಿ ಎರಡು ಸುದ್ದಿ ಬಂದವು. ಅತ್ಯುತ್ತಮ ಸ್ಮಾರ್ಟ್‌ಫೋನ್ ಯಾವುದು ಎಂದು ಕೇಳಿದರೆ ಸಿರಿ ನೋಕಿಯಾ ಲೂಮಿಯಾ 900 ಎನ್ನುತ್ತಿತ್ತು. ವುಲ್ಫ್ರಮ್ ಆಲ್ಫಾದಿಂದ ಬಂದ ಉತ್ತರ ಅದು, ಮನೆಯ ಗುಟ್ಟು ಮಗು ಬೀದಿಯಲ್ಲಿ ಹೇಳಿದ ಹಾಗಾಯಿತು. ಕೆಲವೇ ದಿನಗಳಲ್ಲಿ ಉತ್ತರ ಬದಲಾಯಿತು. ಅಂದರೆ ಮನಸ್ಸು ಮಾಡಿದರೆ ಎಷ್ಟು ಬೇಗ ತಿದ್ದಬಹುದು ನೋಡಿ! ಎರಡನೆಯ ಸುದ್ದಿ ಗಂಭೀರ. ಐಬಿಎಂ ಕಂಪನಿ ತನ್ನ ನೌಕರರು ಆಫೀಸಿನ ಜಾಲದಲ್ಲಿ ಸಿರಿ ಬಳಸದಂತೆ ನಿಲ್ಲಿಸಿತ್ತು. ಆಡಿದ ಮಾತೆಲ್ಲ ಬೇರೆ ಕಂಪನಿಯ ಕಂಪ್ಯೂಟರಿಗೆ ಹೋಗಿ ಕೂರುತ್ತದಲ್ಲ, ಅಲ್ಲಿ ಅದಕ್ಕೇನಾಗುತ್ತದೆ ಎಂಬ ಚಿಂತೆ. ಜೂನ್‌ನಲ್ಲಿ ಆಪಲ್ ಸಹಸ್ಥಾಪಕ ಸ್ಟೀವ್ ವಾಜ್ನಿಯಾಕ್ ಅವರೇ ಬೇಸರ ತೋಡಿಕೊಂಡರು. ಮೊದಲು ಕ್ಯಾಲಿಫೋರ್ನಿಯಾದ ಐದು ದೊಡ್ಡ ಕೆರೆಗಳು ಯಾವುವು ಅಂದರೆ ಸರಿಯಾಗಿ ಹೇಳುತ್ತಿದ್ದ ಸಿರಿ, ಆಪಲ್ ಕೈಗೆ ಬಂದ ಮೇಲೆ ಕೆರೆಯಂಚಿನ ಮನೆಗಳ ಮಾರಾಟ ತೋರಿಸುತ್ತದೆ ಎಂದು.

2013ರ ಸೆಪ್ಟೆಂಬರಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗ 'ಬೀಟಾ' ಪದ ಸದ್ದಿಲ್ಲದೆ ಮಾಯವಾಯಿತು. ಅಡುಗೆ ಆಯಿತು ಎಂದು ಘೋಷಣೆಯಾಯಿತು. ಮುಂದಿನ ತಿಂಗಳು ಇನ್ನೊಂದು ಗುಟ್ಟು ಹೊರಬಿತ್ತು. ಅಮೆರಿಕದ ಸಿರಿಗೆ ದನಿ ಕೊಟ್ಟವರು ಸೂಸನ್ ಬೆನೆಟ್ ಎಂಬ ಕಲಾವಿದೆ. 2005ರ ಜುಲೈ ತಿಂಗಳಿಡೀ ಅವರು ಅರ್ಥವಿಲ್ಲದಂಥ ಸಾವಿರಾರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಸಿದ್ದರು. ಆ ದನಿ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಹೇಳಿರಲಿಲ್ಲ. ಆರು ವರ್ಷಗಳ ಮೇಲೆ ಪರಿಚಯದವರೊಬ್ಬರು, ಇದು ನಿಮ್ಮ ದನಿಯೇ ಅಲ್ಲವಾ ಎಂದು ಕೇಳಿದಾಗಲೇ ಅವರಿಗೆ ತಿಳಿದದ್ದು. ಇನ್ನೊಬ್ಬರ ಮಾತು ಅರ್ಥವಾಗದ ಯಂತ್ರದೊಳಗೆ, ಕೇಳದೆಯೇ ತಂದಿಟ್ಟ ಒಬ್ಬ ಹೆಣ್ಣಿನ ದನಿ!

ನಾವು ಆಡುವುದನ್ನು ಅದು ಕೇಳುತ್ತದೆ ಎಂಬುದೂ ಮುಂದೆ ಪೂರ್ತಿ ಅರ್ಥವಾಯಿತು. ಜನ ಸಿರಿಗೆ ಹೇಳಿದ ಮಾತುಗಳಲ್ಲಿ ಕೆಲವನ್ನು ಗುತ್ತಿಗೆ ನೌಕರರು ಕೂತು ಕೇಳುತ್ತಾರೆ, ತಪ್ಪಾಗಿ ಸಿರಿ ಎಚ್ಚರವಾದಾಗ ಮನೆಯೊಳಗಿನ ಖಾಸಗಿ ಮಾತೂ ಅವರ ಕಿವಿಗೆ ಬೀಳುತ್ತದೆ ಎಂದು 2019ರ ಜುಲೈನಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ ಬರೆಯಿತು. ಜನ ರೇಗಿದರು. ಆಪಲ್ ಆ ಪದ್ಧತಿ ನಿಲ್ಲಿಸಿ, ಕ್ಷಮೆ ಕೇಳಿ, ಇನ್ನು ಮುಂದೆ ಒಪ್ಪಿಗೆ ಕೊಟ್ಟವರದ್ದು ಮಾತ್ರ ಎಂದಿತು. ತಪ್ಪು ಒಪ್ಪಿಕೊಳ್ಳದೆಯೇ, ಅಂಥದ್ದೇ ದಾವೆಯೊಂದರ ರಾಜಿಗೆ 9.5 ಕೋಟಿ ಡಾಲರ್ ಕೊಡಲು ಅದು ಒಪ್ಪಿದ ಸುದ್ದಿ 2025ರ ಜನವರಿಯಲ್ಲಿ ಬಂತು.

ಇಷ್ಟೆಲ್ಲ ಆದ ಮೇಲೆ ಪಾಠ ಕಲಿತಿರಬೇಕಲ್ಲ? 2024ರ ಜೂನ್‌ನಲ್ಲಿ ಆಪಲ್ ಇನ್ನೂ ಜಾಣ ಸಿರಿಯನ್ನು ತೋರಿಸಿತು. "ನನ್ನಮ್ಮನ ವಿಮಾನ ಯಾವಾಗ ಇಳಿಯುತ್ತೆ?" ಅಂತ ಕೇಳಿದರೆ ಮೇಲ್, ಮೆಸೇಜ್ ಎಲ್ಲ ಹುಡುಕಿ ತಾನೇ ಹೇಳುತ್ತದೆ ಎಂದರು. ಊರಿನಿಂದ ಬರುವವರಿಗಾಗಿ ವಿಮಾನ ನಿಲ್ದಾಣದಲ್ಲಿ ಕಾದು ನಿಂತ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಜಾಹೀರಾತೂ ಬಂತು, ಹೊಸ ಫೋನೂ ಮಾರಾಟವಾಯಿತು. ಆದರೆ ಆ ಸಿರಿ ಬರಲಿಲ್ಲ. ಇನ್ನೂ ಸಮಯ ಬೇಕು ಎಂದು 2025ರ ಮಾರ್ಚಿನಲ್ಲಿ ಕಂಪನಿ ಹೇಳಿತು. ಜಾಹೀರಾತು ತೆಗೆದರು. ಜನ ಮತ್ತೆ ಕೋರ್ಟಿಗೆ ಹೋದರು. 2012ರ ಮಾರ್ಚಿಗೂ 2025ರ ಮಾರ್ಚಿಗೂ ಸರಿಯಾಗಿ 13 ವರ್ಷ. ಹೀಗೆ ಮಾಡಿದ್ದು ಒಂದೇ ಕಂಪನಿ ಅಂದುಕೊಳ್ಳಬೇಡಿ. ಆಗದ್ದನ್ನು ಆಗಿದೆ ಎಂದು ತೋರಿಸುವ ಆತುರ ಈ ಇಡೀ ಉದ್ಯಮದ್ದು.

ನಮ್ಮ ಕನ್ನಡ ಎಲ್ಲಿಗೆ ಬಂತು? 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ತಂದಿತು. ಟೈಪ್ ಮಾಡಲು ಬಾರದ ಎಷ್ಟೋ ಅಜ್ಜಿಯರು ಮೊಮ್ಮಕ್ಕಳಿಗೆ ಮೊದಲ ಮೆಸೇಜ್ ಕಳಿಸಿದ್ದು ಹೀಗೆಯೇ. 2019ರಲ್ಲಿ ಗೂಗಲ್ ಅಸಿಸ್ಟೆಂಟ್ ಕನ್ನಡ ಮಾತಾಡಿತು. 2024ರಲ್ಲಿ ಆಪಲ್, ಭಾರತದ ಇಂಗ್ಲಿಷಿನ ಜೊತೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳನ್ನು ಬೆರೆಸಿ ಸಿರಿಯೊಂದಿಗೆ ಮಾತಾಡಬಹುದು ಎಂದು ಪ್ರಕಟಿಸಿತು. ಬೆರೆಸಿ ಮಾತಾಡುವುದು! ನೀವು ಮನೆಯಲ್ಲಿ ಮಾಡುವುದೇ ಅದು ತಾನೆ?

ನಡುವೆ ಒಂದು ಕಹಿಯೂ ಇದೆ. 2021ರ ಜೂನ್‌ನಲ್ಲಿ ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಯಾರೋ ಗೂಗಲ್‌ನಲ್ಲಿ ಹುಡುಕಿದರೆ, ಯಾವುದೋ ಜಾಲತಾಣದ ಸಾಲನ್ನು ಎತ್ತಿ ಅದು ಕನ್ನಡದ ಹೆಸರು ತೋರಿಸಿತು. ಕರ್ನಾಟಕ ಕೆರಳಿತು. ಪಕ್ಷಭೇದವಿಲ್ಲದೆ ನಾಯಕರು ಖಂಡಿಸಿದರು, ಜನ ದೂರಿನ ಮೇಲೆ ದೂರು ಕೊಟ್ಟರು. ಕೂಡಲೇ ಉತ್ತರ ಮಾಯವಾಯಿತು, ಗೂಗಲ್ ಕ್ಷಮೆ ಕೇಳಿತು. ಯಂತ್ರಕ್ಕೆ ಕನ್ನಡದ ಮೇಲೆ ದ್ವೇಷವೇನೂ ಇರಲಿಲ್ಲ. ಅದಕ್ಕೆ ಅರ್ಥವೇ ಆಗಿರಲಿಲ್ಲ. ಅರ್ಥವಾಗದೆಯೂ ಧೈರ್ಯವಾಗಿ ಉತ್ತರ ಕೊಡುವುದೇ ಅದರ ತೊಂದರೆ.

ಈಗ ಒಳ್ಳೆಯ ಕೆಲಸವೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಡನೆ 'ವಾಣಿ' ಎಂಬ ಯೋಜನೆ ನಡೆಸುತ್ತಿದೆ. ಭಾರತದ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತು ಸಂಗ್ರಹಿಸಿ ಎಲ್ಲರಿಗೂ ಸಿಗುವಂತೆ ಮಾಡುವುದು ಅದರ ಗುರಿ. ಬೆಂಗಳೂರಿನದೇ ಆದ 'ಕಾರ್ಯ' ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಂಗಸರಿಂದ ಕನ್ನಡ ಓದಿಸಿ, ರೆಕಾರ್ಡ್ ಮಾಡಿಸಿ, ಅದಕ್ಕೆ ಒಳ್ಳೆಯ ಕೂಲಿ ಕೊಡುತ್ತಿದೆ. ಸೂಸನ್ ಬೆನೆಟ್ ಕಥೆ ನೆನಪಿಸಿಕೊಂಡರೆ ಈ ವ್ಯತ್ಯಾಸ ಸಣ್ಣದಲ್ಲ. ಧಾರವಾಡದ 'ಹಂಗ', ಮಂಗಳೂರಿನ 'ಹಾಗೆ', ಮೈಸೂರಿನ 'ಹಂಗೆ', ಕುಂದಾಪುರದವರ ರಾಗ, ಎಲ್ಲವೂ ಯಂತ್ರದ ಕಿವಿಗೆ ಬೀಳಬೇಕು. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಅಮ್ಮನಿಗಾದದ್ದು ನಾಳೆ ಕನ್ನಡದಲ್ಲೇ ಕಲಬುರಗಿಯ ಇನ್ನೊಬ್ಬ ಅಮ್ಮನಿಗೆ ಆಗುತ್ತದೆ.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ನಕ್ಕು ವಿಡಿಯೊ ಮಾಡಿದ ಸ್ಕಾಟ್ಲೆಂಡಿನವರು, ಪ್ರಶ್ನೆ ಕೇಳಿದ ಹೆಂಗಸರು, ನಮ್ಮ ಆಫೀಸಿನಲ್ಲಿ ಬೇಡ ಎಂದ ಕಂಪನಿ, ಕ್ಷಮೆ ಕೇಳಿ ಎಂದ ಕನ್ನಡಿಗರು, ಇವರೆಲ್ಲ ಮಾಡಿದ್ದು ಒಂದೇ ಕೆಲಸ. ತಪ್ಪು ಯಂತ್ರದ ಕಡೆ ಇದೆ ಎಂದು ಬಾಯಿಬಿಟ್ಟು ಹೇಳಿದರು. ಹೇಳಿದ ಕಡೆಯಲ್ಲಿ ಎಷ್ಟೋ ಸಲ ಯಂತ್ರ ಬದಲಾಯಿತು. ನನ್ನ ಮಾತೇ ಸರಿಯಿಲ್ಲ ಎಂದು ಫೋನ್ ಕೆಳಗಿಟ್ಟವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಅವರ ದನಿ ಕೇಳಿಸಲೇ ಇಲ್ಲ, ಯಂತ್ರಕ್ಕೂ, ಅದನ್ನು ಕಟ್ಟಿದವರಿಗೂ.

ಅಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಆ ಸಂಜೆ ನಾನೂ ನಕ್ಕೆ ಅಂದೆನಲ್ಲ, ಅದು ಈಗಲೂ ಚುಚ್ಚುತ್ತದೆ. ಕೆಲವು ದಿನಗಳ ಮೇಲೆ ನನ್ನ ಮಗಳು ತಾನಾಗಿಯೇ ಬ್ಯಾಂಕಿಗೊಂದು ಕಾಗದ ಬರೆದಳು. ನಿಮ್ಮ ಯಂತ್ರಕ್ಕೆ ನಮ್ಮಜ್ಜಿಯ ಇಂಗ್ಲಿಷ್ ತಿಳಿಯುವುದಿಲ್ಲ, ಅವರು ಮೂವತ್ತು ವರ್ಷ ಇಂಗ್ಲಿಷ್ ಮೇಡಂ ಆಗಿದ್ದವರು, ಹೀಗಾದರೆ ಅವರು ತಮ್ಮ ದುಡ್ಡಿನ ವಿಷಯ ತಾವೇ ವಿಚಾರಿಸುವುದು ಹೇಗೆ ಅಂತ. ಅಮ್ಮ ಅದನ್ನು ಓದಿ ಎರಡು ಕಡೆ ಕಾಮಾ ತಿದ್ದಿಕೊಟ್ಟರು. ಮೂರು ವಾರದ ಮೇಲೆ ಕ್ಷಮೆ ಕೇಳಿ ಉತ್ತರ ಬಂತು. ಯಂತ್ರ ಇನ್ನೂ ಹಾಗೇ ಇದೆ. ಆದರೆ ಅಮ್ಮ ಈಗ ಅದರೊಡನೆ ಮಾತಾಡುವಾಗ ದನಿ ತಗ್ಗಿಸುವುದಿಲ್ಲ. ಮೂರು ಸಲ ಹೇಳುತ್ತಾರೆ. ತಿಳಿಯದಿದ್ದರೆ, "ಇದಕ್ಕಿನ್ನೂ ಪಾಠ ಸಾಲದು" ಅಂತ ಹೇಳಿ ಮನುಷ್ಯರು ಬರುವವರೆಗೂ ಕಾಯುತ್ತಾರೆ.

ಮುಂದಿನ ಸಲ ನಿಮ್ಮನೆಯಲ್ಲಿ ಯಾವುದೋ ಯಂತ್ರ ನಿಮ್ಮಜ್ಜಿಗೆ, ಅಪ್ಪನಿಗೆ ಅರ್ಥವಾಗಲಿಲ್ಲ ಅಂದಾಗ ನಿಮ್ಮ ಶಾಲೆಯ ದನಿ ತೆಗೆದುಕೊಂಡು ಓಡಿ ಬರಬೇಡಿ. ಒಂದು ನಿಮಿಷ ಪಕ್ಕದಲ್ಲಿ ನಿಲ್ಲಿ. ಬೇಕಿದ್ದರೆ ಆಮೇಲೆ ಸಹಾಯ ಮಾಡಿ, ಆದರೆ ಅದಕ್ಕೂ ಮೊದಲು ಅವರಿಗೆ ಕೇಳಿಸುವ ಹಾಗೆ ಒಂದು ಮಾತು ಹೇಳಿ: ತಪ್ಪು ನಿಮ್ಮದಲ್ಲ.